ಡಾಗ್ ಹ್ಯಾಮರ್‌ಶೋಲ್ಡ್ ಮತ್ತು ಕಾಂಗೋದ ದಂಡು

ಪ್ರತಿವರ್ಷ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯ ದಿನಾಚರಣೆ ನಡೆಯುವಾಗ ನಾವು ಆ ಸಂಸ್ಥೆಯ ಅಂಗೋಪಾಂಗಗಳ ಹೆಸರುಗಳನ್ನು ಮಕ್ಕಳಿಂದ ಹೇಳಿಸುತ್ತೇವೆ. ನೀಲಿ ಧ್ವಜದ ಚಿತ್ರವನ್ನು ಬರೆಯಿಸುತ್ತೇವೆ. ಆದರೆ ಆ ಧ್ವಜದಡಿ ಬಂದೂಕು ಹಿಡಿದು ನಿಂತ ಸಿಪಾಯಿಯು ಯಾರ ಆಜ್ಞೆಗೆ ವಿಧೇಯನಾಗಿರಬೇಕೆಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ತಾನು ನಿಂತ ನೆಲದ ಸರಕಾರಕ್ಕೋ, ತನ್ನನ್ನು ಕಳುಹಿಸಿದ ದೇಶಕ್ಕೋ, ಅಥವಾ ಇವೆರಡಕ್ಕೂ ಸೇರದ ರಾಷ್ಟ್ರಗಳ ಸಭೆಗೋ? ಈ ಪ್ರಶ್ನೆಯನ್ನು ಎಂಟು ವರ್ಷ ಹೆಗಲ ಮೇಲೆ ಹೊತ್ತು ನಡೆದು, ಕೊನೆಗೆ ಅದರ ದಾರಿಯಲ್ಲಿಯೇ ಪ್ರಾಣ ನೀಗಿದ ಪುರುಷರೊಬ್ಬರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ನಿರೂಪಿಸಲು ಹೊರಟಿದ್ದೇವೆ.

ಡಾಗ್ ಹ್ಯಾಮರ್‌ಶೋಲ್ಡ್ ಅವರು 1905ನೆಯ ಇಸವಿ ಜುಲೈ 29ರಂದು ಸ್ವೀಡನ್ ದೇಶದ ಯೋನ್‌ಶೋಪಿಂಗ್ ಎಂಬ ಊರಿನಲ್ಲಿ ಜನಿಸಿದರು. ತಲೆಮಾರುಗಳಿಂದ ರಾಜಸೇವೆಯಲ್ಲಿದ್ದ ಮನೆತನ ಅದು. ತಂದೆ ಯಾಲ್ಮಾರ್ ಅವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1914ರಿಂದ 1917ರ ವರೆಗೆ, ದೇಶದ ಪ್ರಧಾನಮಂತ್ರಿಯಾಗಿದ್ದು ಸ್ವೀಡನ್ನನ್ನು ಯುದ್ಧದಿಂದ ದೂರವಿಟ್ಟರು. ಜನರ ಪ್ರೀತಿಯನ್ನು ಮಾತ್ರ ಗಳಿಸಲಿಲ್ಲ. ಯಾರ ಪಕ್ಷಕ್ಕೂ ಸೇರದೆ ನಿಂತವನಿಗೆ ಎಲ್ಲ ಕಡೆಯಿಂದಲೂ ಕಲ್ಲು ಬೀಳುವುದೆಂಬುದನ್ನು ಬಾಲಕ ಡಾಗ್ ತಮ್ಮ ಮನೆಯಲ್ಲಿಯೇ ಕಂಡಿರಬೇಕೆಂದು ನಮಗೆ ತೋರುತ್ತದೆ. ಉಪ್ಸಾಲಾ ನಗರದ ಕೋಟೆಯಂತಹ ಅರಮನೆಯಲ್ಲಿ ಬೆಳೆದು, ಅಲ್ಲಿಯ ಪ್ರಾಚೀನ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ನ್ಯಾಯಶಾಸ್ತ್ರಗಳನ್ನು ಅಭ್ಯಸಿಸಿ, 1933ರಲ್ಲಿ ಸ್ಟಾಕ್‌ಹೋಮಿನಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಮೂವತ್ತೊಂದನೆಯ ವಯಸ್ಸಿಗೆ ಹಣಕಾಸಿನ ಇಲಾಖೆಯ ಉನ್ನತ ಕಾರ್ಯದರ್ಶಿಯಾದರು. ಮುಂದೆ ಸ್ವೀಡನ್ನಿನ ರಾಷ್ಟ್ರೀಯ ಬ್ಯಾಂಕಿನ ಮಂಡಲಿಗೂ ಅಧ್ಯಕ್ಷರಾದರು. 1951ರಲ್ಲಿ ಮಂತ್ರಿಮಂಡಲಕ್ಕೆ ಸೇರಿದಾಗಲೂ ಯಾವ ಪಕ್ಷಕ್ಕೂ ಸದಸ್ಯರಾಗಲಿಲ್ಲ. ಮದುವೆಯಾಗಲಿಲ್ಲ. ಬಿಡುವು ದೊರೆತಾಗ ಉತ್ತರದ ಹಿಮಪರ್ವತಗಳನ್ನು ಏರುವುದು, ಕಾವ್ಯವನ್ನು ಓದುವುದು, ಇವೇ ಅವರ ವಿನೋದ.

1953ರಲ್ಲಿ ವಿಶ್ವಸಂಸ್ಥೆಯ ಪ್ರಥಮ ಮಹಾಕಾರ್ಯದರ್ಶಿ ಟ್ರಿಗ್ವೆ ಲೀ ಅವರ ಸ್ಥಾನಕ್ಕೆ ಯಾರನ್ನು ತರುವುದೆಂದು ಮಹಾರಾಷ್ಟ್ರಗಳು ತಿಂಗಳುಗಟ್ಟಲೆ ಜಗಳವಾಡಿ, ಕಡೆಗೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಈ ಅಧಿಕಾರಿಯ ಹೆಸರನ್ನು ಒಪ್ಪಿಕೊಂಡವು. ಸುದ್ದಿ ಸ್ಟಾಕ್‌ಹೋಮನ್ನು ಮುಟ್ಟಿದುದು ಏಪ್ರಿಲ್ 1ರ ಹೊತ್ತಿಗೆ. ಯಾರೋ ಮೂರ್ಖರ ದಿನದ ತಮಾಷೆ ಮಾಡುತ್ತಿದ್ದಾರೆಂದು ಅವರು ಮೊದಲು ನಂಬಲಿಲ್ಲವಂತೆ. ಸದ್ದಿಲ್ಲದೆ ಕಡತ ನೋಡಿಕೊಂಡಿರುವ ಗುಮಾಸ್ತರೊಬ್ಬರು ದೊರೆತರೆಂದು ಮಹಾರಾಷ್ಟ್ರಗಳು ಸಮಾಧಾನಪಟ್ಟಿದ್ದರೆ, ಅದು ತಪ್ಪೆಂಬುದು ಬೇಗನೆ ತಿಳಿಯಿತು. 1955ರ ಜನವರಿಯಲ್ಲಿ ಹ್ಯಾಮರ್‌ಶೋಲ್ಡ್ ಅವರು ತಾವೇ ಪೀಕಿಂಗಿಗೆ ಹೋಗಿ, ಅಲ್ಲಿ ಸೆರೆಯಲ್ಲಿದ್ದ ಅಮೆರಿಕದ ವಿಮಾನಸೈನಿಕರ ಪರವಾಗಿ ಚೌ ಎನ್‌ಲೈ ಅವರೊಡನೆ ಮಾತನಾಡಿದರು. ಆ ವರ್ಷದ ಬೇಸಗೆ ಮುಗಿಯುವುದರೊಳಗೆ ಸೆರೆಯಾಳುಗಳು ಬಿಡುಗಡೆಯಾದರು.

ಅಂತರರಾಷ್ಟ್ರೀಯ ದಂಡೊಂದನ್ನು ಕಟ್ಟುವ ಪ್ರಸಂಗ ಬಂದದ್ದು 1956ರಲ್ಲಿ. ಸುಯೆಜ್ ಕಾಲುವೆಗಾಗಿ ಇಸ್ರೇಲ್, ಬ್ರಿಟನ್, ಫ್ರಾನ್ಸ್‌ಗಳು ಈಜಿಪ್ಟಿನ ಮೇಲೆ ಬಿದ್ದಾಗ, ಕಾದಾಡುವವರ ನಡುವೆ ನಿಲ್ಲಲು ಒಂದು ಪಡೆ ಬೇಕೆಂದು ಕೆನಡಾದ ಲೆಸ್ಟರ್ ಪಿಯರ್ಸನ್ ಸೂಚಿಸಿದರು. ಅಂತಹ ಪಡೆ ಹಿಂದೆ ಇರಲಿಲ್ಲ. ಅದಕ್ಕೆ ನಿಯಮಗಳೂ ಇರಲಿಲ್ಲ. ಹ್ಯಾಮರ್‌ಶೋಲ್ಡ್ ಅವರು ಕೆಲವೇ ದಿನಗಳಲ್ಲಿ ಕುಳಿತು ಅವನ್ನು ಬರೆದರು. ಮಹಾರಾಷ್ಟ್ರಗಳ ಸೈನಿಕರು ಈ ಪಡೆಯಲ್ಲಿ ಇರಕೂಡದು. ಯಾವ ದೇಶದ ನೆಲದಲ್ಲಿ ನಿಲ್ಲುವುದೋ ಆ ದೇಶದ ಒಪ್ಪಿಗೆ ಬೇಕು. ಒಪ್ಪಿಗೆ ಕೊಟ್ಟ ಮಾತ್ರಕ್ಕೆ ಆ ದೇಶವು ಪಡೆಗೆ ಆಜ್ಞೆ ಮಾಡಲಾಗದು. ದಳಪತಿಯು ವಿಶ್ವಸಂಸ್ಥೆಗೆ ಮಾತ್ರ ಉತ್ತರವಾದಿ. ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸಬಾರದು. ತೊಡಲು ಬೇರೆ ಟೋಪಿ ಹೊಲಿಸುವಷ್ಟು ಕಾಲವಿರದೆ, ಇದ್ದ ಶಿರಸ್ತ್ರಾಣಗಳಿಗೇ ನೀಲಿ ಬಣ್ಣ ಬಳಿದರು. ನಮ್ಮ ಭಾರತದ ಸಿಪಾಯಿಗಳೂ ಅವನ್ನು ತೊಟ್ಟು ಗಾಜಾದ ಮರಳಿನಲ್ಲಿ ಕಾವಲು ನಿಂತರು.

ಈ ನಿಯಮಗಳಲ್ಲಿ ಒಂದು ಬಿರುಕಿದ್ದಿತು. ಒಪ್ಪಿಗೆ ಕೊಟ್ಟವನು ಅದನ್ನು ಹಿಂದೆಗೆದುಕೊಂಡರೆ ಏನು ಗತಿ? 1967ರಲ್ಲಿ ಈಜಿಪ್ಟು ಹಾಗೆಯೇ ಮಾಡಿತು; ಪಡೆ ಹೊರಟಿತು; ಕೆಲವೇ ವಾರಗಳಲ್ಲಿ ಯುದ್ಧವಾಯಿತು. ಆದರೆ ಅದಕ್ಕಿಂತ ಬಹಳ ಮುಂಚೆಯೇ ಇನ್ನೊಂದು ಬಿರುಕು ಆಫ್ರಿಕದ ನಡುಮಧ್ಯದಲ್ಲಿ ಬಾಯ್ದೆರೆಯಿತು.

1960ರ ಜೂನ್ 30ರಂದು ಕಾಂಗೋ ದೇಶವು ಬೆಲ್ಜಿಯಮ್ಮಿನಿಂದ ಸ್ವತಂತ್ರವಾಯಿತು. ಜೋಸೆಫ್ ಕಾಸಾವುಬು ಅಧ್ಯಕ್ಷರಾದರು; ಪ್ಯಾಟ್ರಿಸ್ ಲುಮುಂಬಾ ಪ್ರಧಾನಮಂತ್ರಿಯಾದರು. ಆದರೆ ದಂಡು ಹಳೆಯದೇ ಆಗಿ ಉಳಿಯಿತು. ಸುಮಾರು 25,000 ಜನ ಕಾಂಗೋಲೀ ಸಿಪಾಯಿಗಳಿಗೆ ಸುಮಾರು ಸಾವಿರ ಮಂದಿ ಬೆಲ್ಜಿಯನ್ ಅಧಿಕಾರಿಗಳು. ಕಾಂಗೋಲೀ ಅಧಿಕಾರಿ ಒಬ್ಬನೂ ಇಲ್ಲ. ದಂಡಿನ ಬೆಲ್ಜಿಯನ್ ಸೇನಾಪತಿಯು ಸಿಪಾಯಿಗಳನ್ನು ಸೇರಿಸಿ, ಸ್ವಾತಂತ್ರ್ಯದ ಮುಂಚೆ ಹೇಗಿತ್ತೋ ಅನಂತರವೂ ಹಾಗೆಯೇ ಎಂಬರ್ಥದ ಒಂದು ಸಮೀಕರಣವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದನು. ಕರಿಹಲಗೆಯ ಮೇಲೆ ಬರೆದುದನ್ನೆಲ್ಲ ಕೇಳುಗರು ಒಪ್ಪುವುದಿಲ್ಲವೆಂಬುದನ್ನು ನಾವು ಉಪಾಧ್ಯಾಯರು ಬಲ್ಲೆವು. ಸಿಪಾಯಿಗಳು ದಂಗೆಯೆದ್ದರು. ತನ್ನ ಪ್ರಜೆಗಳ ರಕ್ಷಣೆಗೆಂದು ಬೆಲ್ಜಿಯಂ ತನ್ನ ಸೈನ್ಯವನ್ನು ಕಾಂಗೋ ಸರಕಾರದ ಒಪ್ಪಿಗೆಯಿಲ್ಲದೆ ಇಳಿಸಿತು. ಜುಲೈ 11ರಂದು, ತಾಮ್ರದ ಗಣಿಗಳಿಂದ ಸಂಪದ್ಭರಿತವಾದ ಕಟಾಂಗಾ ಪ್ರಾಂತವು ಮೋಯಿಸ್ ಚೊಂಬೆಯ ನಾಯಕತ್ವದಲ್ಲಿ, ಬೆಲ್ಜಿಯನ್ನರ ಬೆಂಬಲದಿಂದ, ತಾನು ಬೇರೆ ದೇಶವೆಂದು ಸಾರಿತು. ಮರುದಿನವೇ ಕಾಸಾವುಬು, ಲುಮುಂಬಾ ಇಬ್ಬರೂ ಕೂಡಿ ವಿಶ್ವಸಂಸ್ಥೆಗೆ ತಂತಿ ಕಳುಹಿಸಿದರು. ಹ್ಯಾಮರ್‌ಶೋಲ್ಡ್ ಅವರು ತಾವೇ ಮುಂದಾಗಿ ಭದ್ರತಾ ಮಂಡಲಿಯನ್ನು ಕರೆಸಿದರು. ಜುಲೈ 14ರ ನಸುಕಿನಲ್ಲಿ ನಿರ್ಣಯವಾಯಿತು. ಮರುದಿನ ಮೊದಲ ಸೈನಿಕರು ಇಳಿದರು.

ಅಲ್ಲಿಂದ ಮುಂದಿನದು ದುಃಖದ ಕಥೆ. ಲುಮುಂಬಾ ಅವರ ವಾದ ಸರಳವಾಗಿತ್ತು. ಪಡೆಯನ್ನು ಕರೆದದ್ದು ನನ್ನ ಸರಕಾರ. ಆದುದರಿಂದ ಅದು ನನ್ನ ಸರಕಾರಕ್ಕೆ ನೆರವಾಗಿ ಕಟಾಂಗಾದ ಬಂಡಾಯವನ್ನು ಮುರಿಯಬೇಕು, ವಿಮಾನ ನಿಲ್ದಾಣಗಳ ಕಾವಲನ್ನು ನನ್ನ ಸೈನಿಕರಿಗೆ ಬಿಡಬೇಕು ಎಂಬುದು ಅವರ ನಿಲುವು. ಹ್ಯಾಮರ್‌ಶೋಲ್ಡ್ ಅವರ ವಾದವೂ ಅಷ್ಟೇ ಸರಳ. ಈ ಪಡೆ ಯಾರ ಒಳಜಗಳದಲ್ಲಿಯೂ ಪಕ್ಷ ಹಿಡಿಯಲಾರದು; ಹಿಡಿದರೆ ನಾಳೆ ಯಾವ ಸಣ್ಣ ರಾಷ್ಟ್ರವೂ ಅದನ್ನು ತನ್ನ ನೆಲಕ್ಕೆ ಕರೆಯದು. ಆಗಸ್ಟ್ ತಿಂಗಳಲ್ಲಿ ಅವರು ಲುಮುಂಬಾ ಅವರ ಸಮ್ಮತಿಗೆ ಕಾಯದೆ ತಾವೇ ಕಟಾಂಗಾಕ್ಕೆ ಹೋಗಿ ಚೊಂಬೆಯೊಡನೆ ಮಾತನಾಡಿದರು. ಇದರಿಂದ ಲುಮುಂಬಾ ಕ್ರೋಧಗೊಂಡು ಕಟುವಾದ ಪತ್ರಗಳನ್ನು ಬರೆದರು. ಸೋವಿಯೆಟ್ ರಷ್ಯದ ನೆರವನ್ನು ಬೇಡಿದರು. ಸೆಪ್ಟೆಂಬರ್ 5ರಂದು ಕಾಸಾವುಬು ಅವರು ಲುಮುಂಬಾ ಅವರನ್ನು ವಜಾ ಮಾಡಿದರು. ಕಾಳಗವಾದೀತೆಂಬ ಭಯದಿಂದ ವಿಶ್ವಸಂಸ್ಥೆಯ ಅಧಿಕಾರಿಗಳು ವಿಮಾನ ನಿಲ್ದಾಣಗಳನ್ನೂ ರಾಜಧಾನಿಯ ಆಕಾಶವಾಣಿಯನ್ನೂ ಮುಚ್ಚಿದರು. ಇದು ಇಬ್ಬರಿಗೂ ಸಮಾನವಾದ ನಿಷೇಧವೆಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಕಾಸಾವುಬು ಅವರಿಗೆ ನದಿಯಾಚೆಯ ಬ್ರಾಜವಿಲ್ಲಿನ ಆಕಾಶವಾಣಿ ತೆರೆದಿತ್ತು. ಲುಮುಂಬಾ ಅವರಿಗೆ ಯಾವುದೂ ಇರಲಿಲ್ಲ. ಹ್ಯಾಮರ್‌ಶೋಲ್ಡ್ ಅವರನ್ನು ನಾವು ಎಷ್ಟೇ ಗೌರವಿಸಿದರೂ ಇಲ್ಲಿ ಅವರ ತಕ್ಕಡಿ ಸಮವಾಗಿ ತೂಗಲಿಲ್ಲವೆಂದು ಹೇಳದೆ ಇರಲಾರೆವು. ಹತ್ತು ದಿನಗಳೊಳಗೆ ಕರ್ನಲ್ ಮೊಬುಟು ದಂಡಿನ ಬಲದಿಂದ ಅಧಿಕಾರವನ್ನು ಹಿಡಿದನು.

ಈಗ ರಾಜಧಾನಿಯಲ್ಲಿ ಒಂದು ವಿಚಿತ್ರ ದೃಶ್ಯವಿತ್ತು. ಲುಮುಂಬಾ ಅವರ ಮನೆಯ ಸುತ್ತ ವಿಶ್ವಸಂಸ್ಥೆಯ ಸಿಪಾಯಿಗಳು ಅವರನ್ನು ಕಾಯಲು ನಿಂತಿದ್ದರು. ಅವರ ಹೊರಗೆ ಕಾಂಗೋಲೀ ಸಿಪಾಯಿಗಳು ಅವರನ್ನು ಹಿಡಿಯಲು ನಿಂತಿದ್ದರು. ಕಾಂಗೋದಲ್ಲಿ ಆಗ ಮಹಾಕಾರ್ಯದರ್ಶಿಗಳ ಪ್ರತಿನಿಧಿಯಾಗಿದ್ದವರು ನಮ್ಮ ದೇಶದ ರಾಜೇಶ್ವರ ದಯಾಳರು. ಮನೆಯ ಹೊಸ್ತಿಲಿನವರೆಗೆ ಮಾತ್ರ ರಕ್ಷಣೆ, ಅದರಾಚೆಗೆ ಇಲ್ಲ, ಎಂಬುದು ನಿಯಮ. ನವೆಂಬರ್ 27ರ ರಾತ್ರಿ ಲುಮುಂಬಾ ಮನೆಯಿಂದ ಹೊರಬಿದ್ದು, ತಮ್ಮ ಬೆಂಬಲಿಗರಿದ್ದ ಸ್ಟ್ಯಾನ್ಲಿವಿಲ್ಲಿನ ಕಡೆ ಹೊರಟರು. ದಾರಿಯಲ್ಲಿ ಸಿಕ್ಕಿಬಿದ್ದರು. ಅವರನ್ನು ಬಿಡಿಸಿಕೊಳ್ಳಲು ವಿಶ್ವಸಂಸ್ಥೆಯ ಪಡೆಗೆ ಆಜ್ಞೆ ಇರಲಿಲ್ಲ. 1961ರ ಜನವರಿ 17ರಂದು ಅವರನ್ನು ಕಟಾಂಗಾಕ್ಕೆ ಸಾಗಿಸಿ, ಆ ರಾತ್ರಿಯೇ ಕೊಂದರು. ಲೋಕಕ್ಕೆ ಸುದ್ದಿ ತಿಳಿದದ್ದು ಫೆಬ್ರವರಿ 13ರಂದು. ಈ ಕೊಲೆಯಲ್ಲಿ ತನ್ನ ನೈತಿಕ ಹೊಣೆಯಿರುವುದನ್ನು ಬೆಲ್ಜಿಯಂ ಒಪ್ಪಿ ಕ್ಷಮೆ ಕೇಳಿದುದು 2002ರಲ್ಲಿ.

ಕೊಲೆಯ ಸುದ್ದಿಯಿಂದ ಜಗತ್ತು ಕೆರಳಿತು. ಹ್ಯಾಮರ್‌ಶೋಲ್ಡ್ ಅವರನ್ನು ಪದಚ್ಯುತಗೊಳಿಸಬೇಕೆಂದು ರಷ್ಯ ಘೋಷಿಸಿತು. ಈಜಿಪ್ಟು, ಮೊರಾಕೋ, ಇಂಡೊನೇಷ್ಯ ಮುಂತಾದವು ತಮ್ಮ ಸೈನಿಕರನ್ನು ಹಿಂದಕ್ಕೆ ಕರೆಸಿಕೊಳ್ಳತೊಡಗಿದವು. ಫೆಬ್ರವರಿ 21ರಂದು ಭದ್ರತಾ ಮಂಡಲಿಯು ಹೊಸ ನಿರ್ಣಯವನ್ನು ಮಾಡಿತು. ಅಂತರ್ಯುದ್ಧವನ್ನು ತಡೆಯಲು, ಕಟ್ಟಕಡೆಯ ಉಪಾಯವಾಗಿ, ಬಲಪ್ರಯೋಗ ಮಾಡಬಹುದು. ಪರದೇಶದ ಸೈನಿಕರೂ ಕೂಲಿಭಟರೂ ತೊಲಗಬೇಕು. ಲುಮುಂಬಾ ಹತ್ಯೆಯ ನಿಷ್ಪಕ್ಷಪಾತ ವಿಚಾರಣೆ ನಡೆಯಬೇಕು. ಕಾಂಗೋದ ಸೈನ್ಯವನ್ನು ಪುನಾರಚಿಸಿ ಶಿಸ್ತಿಗೆ ತರಬೇಕು. ಈ ಕಡೆಯ ಮಾತೇ ಕಿಡಿಯಾಯಿತು. ಸ್ವತಂತ್ರ ದೇಶದ ದಂಡನ್ನು ಶಿಸ್ತಿಗೆ ತರಲು ಹೊರಗಿನವರು ಯಾರು? ಇದು ಮತ್ತೊಂದು ಬಗೆಯ ದಾಸ್ಯವೆಂದು ಕಾಸಾವುಬು ಪಕ್ಷದವರು ಕೂಗಿದರು. ಮಾರ್ಚ್ ತಿಂಗಳಲ್ಲಿ ಮಟಾಡಿ ಬಂದರಿನಲ್ಲಿ ಕಾಂಗೋಲೀ ಸೈನಿಕರು ವಿಶ್ವಸಂಸ್ಥೆಯ ಸುಡಾನೀ ತುಕಡಿಯನ್ನು ಹೊಡೆದೋಡಿಸಿದರು. ಎಂಬತ್ತು ವರ್ಷ ಪರರ ಅಧಿಕಾರಿಗಳ ಕೆಳಗೆ ಬಾಳಿದ ಜನರಿಗೆ ಇನ್ನೊಬ್ಬ ಪರದೇಶದ ಅಧಿಕಾರಿ, ಅವನ ಟೋಪಿ ನೀಲಿಯೇ ಇರಲಿ, ಬೇಡವೆನಿಸಿದುದರಲ್ಲಿ ಆಶ್ಚರ್ಯವೇನು? ಆದರೆ ಅದೇ ದಂಡು ತನ್ನ ಪ್ರಧಾನಮಂತ್ರಿಯನ್ನೇ ಕೈಕಟ್ಟಿ ಕೊಲೆಗಾರರಿಗೆ ಒಪ್ಪಿಸಿತ್ತೆಂಬುದೂ ಸುಳ್ಳಲ್ಲ.

ಹ್ಯಾಮರ್‌ಶೋಲ್ಡ್ ಅವರು ನಡುದಾರಿಯನ್ನು ಹುಡುಕಿದರು. ಏಪ್ರಿಲ್ 17ರಂದು ಒಪ್ಪಂದವಾಯಿತು. ಸೈನ್ಯಕ್ಕೆ ಅಧ್ಯಕ್ಷರೇ ಒಡೆಯರು. ಅವರ ಅಧಿಕಾರದ ಅಡಿಯಲ್ಲಿಯೇ ವಿಶ್ವಸಂಸ್ಥೆಯು ಅದನ್ನು ತಿದ್ದಲು ನೆರವಾಗತಕ್ಕದ್ದು. ಅತ್ತ ನೆಹರೂ ಸರಕಾರವು ಇಡೀ ಒಂದು ಬ್ರಿಗೇಡನ್ನು ಕಾಂಗೋಕ್ಕೆ ಕಳುಹಿಸಿತು. ಮಿತ್ರರು ಹಿಂದೆಗೆಯುತ್ತಿದ್ದ ಹೊತ್ತಿನಲ್ಲಿ ಬಂದ ಈ ನೆರವು ಚಿಕ್ಕದಲ್ಲ.

ಕಟಾಂಗಾದಲ್ಲಿ ಚೊಂಬೆಯ ಪಡೆಗೆ ಬೆಲ್ಜಿಯನ್ ಅಧಿಕಾರಿಗಳೂ ನಾನಾ ದೇಶದ ಕೂಲಿಭಟರೂ ನಾಯಕರಾಗಿದ್ದರು. ಆಗಸ್ಟ್ 28ರಂದು ವಿಶ್ವಸಂಸ್ಥೆಯ ಸೈನಿಕರು ಒಂದು ಗುಂಡನ್ನೂ ವ್ಯಯಿಸದೆ ಅವರಲ್ಲಿ ಅನೇಕರನ್ನು ಹಿಡಿದರು. ಸೆಪ್ಟೆಂಬರ್ 13ರಂದು ಎರಡನೆಯ ಸಲ ಹೊರಟಾಗ ಹಾಗಾಗಲಿಲ್ಲ. ಎಲಿಸಬೆತ್‌ವಿಲ್ಲಿನ ಬೀದಿಗಳಲ್ಲಿ ರಕ್ತ ಹರಿಯಿತು. ಅದೇ ದಿನ ರಾಜಧಾನಿಗೆ ಬಂದಿಳಿದ ಹ್ಯಾಮರ್‌ಶೋಲ್ಡ್ ಅವರು ಚೊಂಬೆಯನ್ನು ಕಂಡು ಕದನವಿರಾಮವನ್ನು ಏರ್ಪಡಿಸಲು ನಿಶ್ಚಯಿಸಿದರು. ಉತ್ತರ ರೊಡೇಷಿಯದ ಎಂಡೋಲಾ ಪಟ್ಟಣದಲ್ಲಿ ಭೇಟಿಯೆಂದು ಗೊತ್ತಾಯಿತು. ಸೆಪ್ಟೆಂಬರ್ 17ರ ಸಂಜೆ ಅವರ ವಿಮಾನ ಹೊರಟಿತು. (ಹದಿಮೂರು ವರ್ಷಗಳ ಹಿಂದೆ, 1948ರ ಇದೇ ಸೆಪ್ಟೆಂಬರ್ 17ರಂದೇ, ವಿಶ್ವಸಂಸ್ಥೆಯ ಸಂಧಾನಕಾರರಾಗಿದ್ದ ಇನ್ನೊಬ್ಬ ಸ್ವೀಡನ್ನಿನವರು, ಕೌಂಟ್ ಬರ್ನಡಾಟ್, ಜೆರೂಸಲೇಮಿನಲ್ಲಿ ಗುಂಡಿಗೆ ಬಲಿಯಾಗಿದ್ದರು.) ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ವಿಮಾನವು ಎಂಡೋಲಾದ ಸಮೀಪದ ಕಾಡಿನಲ್ಲಿ ಬಿದ್ದು ಉರಿಯಿತು. ಅದರಲ್ಲಿದ್ದವರು 16 ಮಂದಿ. ಒಬ್ಬ ರಕ್ಷಕಭಟನು ಕೆಲವು ದಿನ ಜೀವ ಹಿಡಿದಿದ್ದು ತೀರಿಕೊಂಡನು. ಆ ವರ್ಷದ ನೊಬೆಲ್ ಶಾಂತಿ ಪಾರಿತೋಷಕವನ್ನು ಮೃತರಾದ ಹ್ಯಾಮರ್‌ಶೋಲ್ಡ್ ಅವರಿಗೆ ಅರ್ಪಿಸಲಾಯಿತು. ಉಪ್ಸಾಲಾದಲ್ಲಿ ಅವರ ಸಮಾಧಿಯಿದೆ.

ಕಟಾಂಗಾದ ಬಂಡಾಯ ಮುಗಿದದ್ದು 1963ರ ಜನವರಿಯಲ್ಲಿ. ಅಷ್ಟರಲ್ಲಿ ನಮ್ಮವರೂ ಹಲವರು ಅಲ್ಲಿ ಪ್ರಾಣ ತೆತ್ತಿದ್ದರು. 1961ರ ಡಿಸೆಂಬರ್ 5ರಂದು ಎಲಿಸಬೆತ್‌ವಿಲ್ಲಿನಲ್ಲಿ ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರವು ಸಂದಿತು. 1964ರ ಜೂನ್ 30ರಂದು ವಿಶ್ವಸಂಸ್ಥೆಯ ಪಡೆ ಕಾಂಗೋವನ್ನು ಬಿಟ್ಟಿತು. ಶಿಸ್ತಿಗೆ ಬರಬೇಕಾಗಿದ್ದ ದಂಡು ಮೊಬುಟುವಿನ ಕೈಯಲ್ಲಿಯೇ ಉಳಿದಿತ್ತು. 1965ರ ನವೆಂಬರಿನಲ್ಲಿ ಅವನು ಅದರ ಬಲದಿಂದಲೇ ಮತ್ತೆ ಗದ್ದುಗೆಯೇರಿ 1997ರ ವರೆಗೆ ಆಳಿದನು. ಅತ್ತ ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಕಲಹವೆದ್ದಾಗ ಅಲ್ಲಿಗೆ ಹೋದ ನೀಲಿ ಪಡೆಯು ಬಹುಮಟ್ಟಿಗೆ ಹ್ಯಾಮರ್‌ಶೋಲ್ಡ್ ಅವರು ಸುಯೆಜಿನಲ್ಲಿ ಬರೆದ ನಿಯಮಗಳನ್ನೇ ಅನುಸರಿಸಿತು. 1964ರಿಂದ ಅದರ ದಳಪತಿಯಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. 1965ರ ಡಿಸೆಂಬರ್ 18ರಂದು, ಆ ಕರ್ತವ್ಯದಲ್ಲಿರುವಾಗಲೇ, ಅವರು ಸೈಪ್ರಸ್ಸಿನಲ್ಲಿ ತೀರಿಕೊಂಡರು.

ಇನ್ನು ಎಂಡೋಲಾದ ವಿಮಾನದ ಸಂಗತಿ. ಚಾಲಕನ ತಪ್ಪೆಂದು ರೊಡೇಷಿಯದ ವಿಚಾರಣಾ ಮಂಡಲಿ ತೀರ್ಮಾನಿಸಿತು. ವಿಶ್ವಸಂಸ್ಥೆಯ ವಿಚಾರಣೆಯು ಯಾವುದನ್ನೂ ನಿಶ್ಚಯವಾಗಿ ಹೇಳಲಿಲ್ಲ. ಅರ್ಧಶತಮಾನ ಕಳೆದ ಮೇಲೆ ಮತ್ತೆ ವಿಚಾರಣೆಯನ್ನು ಕೈಗೊಂಡ ತಾಂಜಾನಿಯದ ನ್ಯಾಯಾಧೀಶ ಮೊಹಮ್ಮದ್ ಚಾಂದೆ ಒಸ್ಮಾನ್ ಅವರು, ಹೊರಗಿನ ಆಕ್ರಮಣದಿಂದ ವಿಮಾನ ಬಿದ್ದಿರುವ ಸಂಭವವನ್ನು ತಳ್ಳಿಹಾಕಲಾಗದೆಂದು 2017ರ ವರದಿಯಲ್ಲಿ ತಿಳಿಸಿದರು. ಇದನ್ನು ನಿರ್ಣಯಿಸಬಲ್ಲ ದಾಖಲೆಗಳು ವಿಶ್ವಸಂಸ್ಥೆಯಲ್ಲಿ ಇಲ್ಲ. ಅವು ಇದ್ದರೆ ಕೆಲವು ರಾಷ್ಟ್ರಗಳ ಸೈನ್ಯದ, ಗೂಢಚಾರ ಇಲಾಖೆಗಳ ಕಪಾಟುಗಳಲ್ಲಿವೆ. ಅವನ್ನು ತೆರೆದು ನೋಡಿರೆಂದು ಮಹಾಸಭೆಯು ಸದಸ್ಯ ರಾಷ್ಟ್ರಗಳನ್ನು ಹಲವು ಬಾರಿ ಕೇಳಿದೆ. 2022ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಕೇಳಿ, ನ್ಯಾಯಾಧೀಶರ ಅವಧಿಯನ್ನು ಮುಂದುವರಿಸಿತು.