ಲಕ್ಷ್ಮಣರಾವ ಕಿರ್ಲೋಸ್ಕರರು: ಜನರನ್ನು ಆರಿಸಿಕೊಂಡ ಬಗೆ

ಮುಂಬಯಿಯಲ್ಲಿ ನೆಲೆನಿಂತ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಸಹಜವಾಗಿಯೇ ಕರಾವಳಿಯಿಂದ ಬಂದವರ ಹೋಟೆಲುಗಳನ್ನೂ ರಾತ್ರಿಶಾಲೆಗಳನ್ನೂ ಸಂಘಸಂಸ್ಥೆಗಳನ್ನೂ ಮುಂದಿಟ್ಟುಕೊಂಡು ಹೊರಡುತ್ತಾರೆ. ಬೆಳಗಾವಿ, ಧಾರವಾಡಗಳ ಕಡೆಯಿಂದ ಬಂದು ಈ ನಗರದಲ್ಲಿ ಕೆಲಕಾಲ ಕಲಿತು, ಕಲಿತದ್ದನ್ನು ಬೇರೆಡೆಗೆ ಒಯ್ದವರ ಕಡೆಗೆ ಅಷ್ಟಾಗಿ ಗಮನ ಹರಿದಿಲ್ಲ. ಲಕ್ಷ್ಮಣರಾವ ಕಾಶಿನಾಥ ಕಿರ್ಲೋಸ್ಕರರು (1869-1956) ಅಂಥವರಲ್ಲಿ ಒಬ್ಬರು. ಅವರ ಮನೆಮಾತು ಮರಾಠಿ. ಹುಟ್ಟಿದ ನೆಲ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಮನೆತನದವರು, ಅದೇ ಊರಿನಲ್ಲಿ ಹುಟ್ಟಿದವರು ಎಂಬುದನ್ನು ಇಲ್ಲಿ ನೆನೆಯಬಹುದು. ಗಡಿರೇಖೆಗಳು ಮೂಡುವ ಮೊದಲು ಎರಡು ಭಾಷೆಗಳು ಒಂದೇ ಓಣಿಯಲ್ಲಿ ಬಾಳಿದ ಪ್ರದೇಶವದು.

ಲಕ್ಷ್ಮಣರಾಯರ ಹೆಸರು ಕಬ್ಬಿಣದ ನೇಗಿಲಿನೊಡನೆ ತಳಕು ಹಾಕಿಕೊಂಡಿದೆ. ಆದರೆ ನೇಗಿಲಿಗಿಂತಲೂ ಹೆಚ್ಚು ವಿಚಾರಾರ್ಹವಾದದ್ದು ಆ ನೇಗಿಲನ್ನು ಮಾಡಲು ಅವರು ಜನರನ್ನು ಕೂಡಿಸಿದ ರೀತಿ ಎಂಬುದು ಈ ಲೇಖಕನ ಅಭಿಪ್ರಾಯ. ಕೈಯಲ್ಲಿ ಹಣವಿಲ್ಲದ, ಪಟ್ಟಣದಿಂದ ದೂರವಿದ್ದ, ನಾಳೆ ಉಳಿಯುವುದೋ ಇಲ್ಲವೋ ಎಂಬ ಸ್ಥಿತಿಯ ಉದ್ಯಮವೊಂದು ಸಮರ್ಥರನ್ನು ತನ್ನೆಡೆಗೆ ಸೆಳೆದದ್ದಾದರೂ ಹೇಗೆ? ಉತ್ತರದ ಒಂದು ಭಾಗ ಅವರ ಸ್ವಂತ ಬಾಳಿನ ಸೋಲುಗಳಲ್ಲಿದೆ.

ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಆಸಕ್ತರು. ಮಗನ ಒಲವು ಚಿತ್ರ ಬರೆಯುವುದರಲ್ಲಿ ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿ. ಅಣ್ಣ ರಾಮಚಂದ್ರರಾಯರ, ಎಂದರೆ ಮನೆಯವರೆಲ್ಲ ಕರೆಯುತ್ತಿದ್ದ ರಾಮುಅಣ್ಣನವರ, ನೆರವಿನಿಂದ 1885ರಲ್ಲಿ ಹುಡುಗನು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದನು. ಎರಡು ವರ್ಷ ಕಳೆಯುವಷ್ಟರಲ್ಲಿ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಬೆಳಕಿಗೆ ಬಂದು ಚಿತ್ರಕಲೆಯ ದಾರಿ ಮುಚ್ಚಿತು. ರೇಖೆಗೆ ಬಣ್ಣ ಬೇಡವಷ್ಟೆ! ಯಂತ್ರರೇಖಾಚಿತ್ರವನ್ನು ಅಭ್ಯಾಸಮಾಡಿ, 1887ರಲ್ಲಿ ಆರಂಭಗೊಂಡಿದ್ದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅವರು ಸಹಾಯಕ ಶಿಕ್ಷಕರಾದರು. ಪಾಠ ಹೇಳುವುದಕ್ಕಿಂತ ಅಲ್ಲಿನ ಯಂತ್ರಶಾಲೆಯಲ್ಲಿ ಕೈ ಪಳಗಿಸಿಕೊಂಡದ್ದೇ ಮುಂದೆ ಪ್ರಯೋಜನಕ್ಕೆ ಬಂತು. ಇದೇ ಅವಧಿಯಲ್ಲಿ ಅಣ್ಣತಮ್ಮಂದಿರು ಬೆಳಗಾವಿಯಲ್ಲಿ ಸೈಕಲ್ ಮಾರಾಟದ ಅಂಗಡಿಯನ್ನು ತೆರೆದರು. ತಮ್ಮನು ಮುಂಬಯಿಯಿಂದ ಸೈಕಲ್ಲುಗಳನ್ನು ಕಳಿಸುವುದು, ಅಣ್ಣನು ಅವುಗಳನ್ನು ಮಾರಿ ಕೊಂಡವರಿಗೆ ಓಡಿಸಲು ಕಲಿಸುವುದು. ವ್ಯಾಪಾರ ಹೀಗೆ ನಡೆಯಿತು. ಕಿರ್ಲೋಸ್ಕರ ಉದ್ಯಮವು ತನ್ನ ಆರಂಭವನ್ನು 1888ರಿಂದ ಎಣಿಸುತ್ತದೆ.

ಆ ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ಲಕ್ಷ್ಮಣರಾಯರು ಕೆಲಸವನ್ನು ಬಿಟ್ಟು ಬೆಳಗಾವಿಗೆ ಮರಳಿದರು. ಈ ಘಟನೆಯನ್ನು ಅವರ ಚರಿತ್ರಕಾರರು ಸ್ವಾಭಿಮಾನದ ನಿದರ್ಶನವೆಂದು ಹೇಳಿ ಮುಂದೆ ಸಾಗುತ್ತಾರೆ. ನನಗೆ ಅದು ಅವರ ಇಡೀ ಜೀವನಕ್ಕೆ ಕೀಲಿಕೈಯಂತೆ ತೋರುತ್ತದೆ. ಸಾಮರ್ಥ್ಯವು ಒಂದೆಡೆ, ಅದನ್ನು ಅಳೆಯುವ ಅಧಿಕೃತ ಮಾನದಂಡವು ಇನ್ನೊಂದೆಡೆ ಇರಬಲ್ಲವೆಂಬುದನ್ನು ಅವರು ಎರಡು ಬಾರಿ ಅನುಭವಿಸಿದ್ದರು: ಒಮ್ಮೆ ಕಣ್ಣಿನ ದೋಷದಿಂದ, ಇನ್ನೊಮ್ಮೆ ವರ್ಣದ ಪಕ್ಷಪಾತದಿಂದ.

ಬೆಳಗಾವಿಯ ಪುಟ್ಟ ಕಾರ್ಖಾನೆಯಲ್ಲಿ ಮೊದಲು ಮೇವು ಕತ್ತರಿಸುವ ಯಂತ್ರಗಳು, ಅನಂತರ ಕಬ್ಬಿಣದ ನೇಗಿಲುಗಳು ತಯಾರಾದವು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂಬ ನಂಬಿಕೆ ಒಕ್ಕಲಿಗರಲ್ಲಿದ್ದುದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆನ್ನುತ್ತಾರೆ. ವ್ಯಾಪಾರವು ಕುದುರುತ್ತಿರುವಾಗಲೇ ಊರಿನ ಹೊಸ ಬಡಾವಣೆಗಾಗಿ ಜಾಗವನ್ನು ತೆರವು ಮಾಡಬೇಕೆಂದು ಪುರಸಭೆಯಿಂದ ಸೂಚನೆ ಬಂತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತ ಪ್ರತಿನಿಧಿಗಳು. ಸ್ವತಃ ಚಿತ್ರಕಾರರಾದ ಈ ಅರಸರು, ಚಿತ್ರಕಾರನಾಗದೆ ಉಳಿದ ಈ ಯಂತ್ರಜ್ಞನಿಗೆ 10,000 ರೂಪಾಯಿ ಸಾಲವನ್ನೂ, ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಹಬ್ಬಿದ, ನಾಗರಹಾವುಗಳ ಬೀಡಾದ ಬಯಲು ಅದು. 1910ರ ಮಾರ್ಚ್ 10ರಂದು ಕಾರ್ಖಾನೆಯು ಅಲ್ಲಿ ನೆಲೆಯೂರಿತು. ಸುಮಾರು 25 ಕೆಲಸಗಾರರು ಹೆಂಡಿರು ಮಕ್ಕಳೊಡನೆ ಅಲ್ಲಿಗೆ ತೆರಳಿದರು.

ಈ ವಲಸೆಯ ಬಗೆಗೆ ತುಸು ನಿಂತು ಯೋಚಿಸಬೇಕು. ಬೆಳಗಾವಿಯಂಥ ಊರನ್ನು ಬಿಟ್ಟು ಹಾವು ತಿರುಗುವ ಬಯಲಿಗೆ ಒಬ್ಬ ಕೆಲಸಗಾರನು ಸಂಬಳದ ಆಸೆಗೆ ಹೋಗಲಾರನು. ಹೆಚ್ಚಿನ ಸಂಬಳವನ್ನು ಕೊಡುವ ಶಕ್ತಿ ಯಜಮಾನರಿಗೂ ಇರಲಿಲ್ಲ. ಅವರು ಕೊಡಬಹುದಾಗಿದ್ದದ್ದು ಮೂರು: ತಲೆಯ ಮೇಲೊಂದು ಸೂರು, ಯಜಮಾನನೂ ಅದೇ ಧೂಳಿನಲ್ಲಿ ಬಾಳುತ್ತಾನೆಂಬ ಭರವಸೆ, ಮತ್ತು ಬಲ್ಲ ಕೆಲಸವನ್ನು ಮಾಡಲು ಮುಕ್ತ ಅವಕಾಶ. ವಸತಿಯ ಯೋಜನೆ, ಆಡಳಿತಗಳನ್ನು ರಾಮುಅಣ್ಣನವರು ಹೊತ್ತರು. ಶಂಭೋರಾವ ಜಾಂಭೇಕರರು ಯಂತ್ರ ಕೆಟ್ಟಲ್ಲಿಗೂ ವ್ಯವಹಾರ ಕೆಟ್ಟಲ್ಲಿಗೂ ಧಾವಿಸುವ ಸವ್ಯಸಾಚಿಯಾದರು. ಮಂಗೇಶರಾವ ರೇಗೆಯವರು ಗುಮಾಸ್ತೆಯೂ ಹೌದು, ಲೆಕ್ಕಪತ್ರದವರೂ ಹೌದು, ಉಗ್ರಾಣದವರೂ ಹೌದು. ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ಅನಂತರಾವ ಫಳಣೀಕರರು ಕಲ್ಪನಾಶೀಲ ಎಂಜಿನಿಯರಾಗಿ ರೂಪುಗೊಂಡರು. ಇವರಲ್ಲಿ ಒಬ್ಬರನ್ನೂ ಪ್ರಮಾಣಪತ್ರದ ಬಲದಿಂದ ಆರಿಸಿದಂತೆ ಕಾಣುವುದಿಲ್ಲ.

ಇನ್ನೊಂದು ನೇಮಕವು ಇದಕ್ಕಿಂತ ಧೈರ್ಯದ್ದು. ದರೋಡೆಗಾಗಿ ಶಿಕ್ಷೆ ಅನುಭವಿಸಿದ್ದ ತುಕಾರಾಮ ರಾಮೋಶಿ ಮತ್ತು ಪಿರ್‍ಯಾ ಮಾಂಗ ಎಂಬಿಬ್ಬರನ್ನು ಲಕ್ಷ್ಮಣರಾಯರು ಕಾವಲಿಗೆ ಇಟ್ಟುಕೊಂಡರು. ಇಬ್ಬರೂ ನಂಬಿಕೆಯನ್ನು ಉಳಿಸಿಕೊಂಡರು. 1871ರ ಕಾಯಿದೆಯು ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧದ ಮುದ್ರೆಯನ್ನೊತ್ತಿದ್ದ ಕಾಲವದು ಎಂಬುದನ್ನು ಮರೆಯಬಾರದು. ವಸಾಹತಿನಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಎಡೆಯಿಲ್ಲವೆಂದು ಅವರು ವಿಧಿಸಿದ್ದನ್ನೂ ಇದರೊಡನೆ ಇಟ್ಟು ನೋಡಬೇಕು. ಇದು ಬರಿಯ ದಯೆಯಲ್ಲ. ಜಾತಿಯ ಗೋಡೆಯನ್ನು ಉಳಿಸಿಕೊಂಡರೆ ಆ ಬಯಲಿನಲ್ಲಿ ಸಿಗಬಹುದಾದ ಜನರ ಸಂಖ್ಯೆಯೇ ಕುಗ್ಗುತ್ತಿತ್ತು. ನೀತಿ ಮತ್ತು ಅಗತ್ಯ ಇಲ್ಲಿ ಜೊತೆಯಾಗಿಯೇ ನಡೆದಿವೆ. ಅವುಗಳನ್ನು ಬೇರ್ಪಡಿಸುವ ಹಟ ನಮಗೆ ಬೇಡ.

ಮೊದಲ ಮಹಾಯುದ್ಧದ ಕಾಲದಲ್ಲಿ ವಿದೇಶದ ಕಬ್ಬಿಣವೂ ಇದ್ದಿಲೂ ಬಾರದಾದಾಗ ಈ ಜನರ ಪರೀಕ್ಷೆ ನಡೆಯಿತು. ಕೊಲ್ಲಾಪುರದ ಶಾಹು ಮಹಾರಾಜರು ಕೊಟ್ಟ ಹಳೆಯ ತೋಪುಗಳನ್ನು ಕರಗಿಸಿ ನೇಗಿಲುಗಳನ್ನು ಎರಕಹೊಯ್ದರು.

ಪ್ರತಿಭೆಯನ್ನು ಗುರುತಿಸುವ ಅವರ ಕಣ್ಣು ಯಂತ್ರಶಾಲೆಯ ಬಾಗಿಲಿನಲ್ಲಿ ನಿಲ್ಲಲಿಲ್ಲವೆಂಬುದಕ್ಕೆ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಆಪ್ತವಾದ ಸಾಕ್ಷಿಯೊಂದಿದೆ. ಸಹೋದರನ ಮಗ ಶಂಕರರಾವ ಕಿರ್ಲೋಸ್ಕರರಿಗೆ ಒಲಿದಿದ್ದದ್ದು ಕುಂಚ ಮತ್ತು ಲೇಖನಿ. ನೇಗಿಲಿನ ಕಾರ್ಖಾನೆಯಲ್ಲಿ ಅಂಥವನಿಗೆ ಏನು ಕೆಲಸ? 1920ರಲ್ಲಿ ಸಂಸ್ಥೆಯ ಸುದ್ದಿಪತ್ರಿಕೆಯಾಗಿ ಆರಂಭವಾದ ‘ಕಿರ್ಲೋಸ್ಕರ ಖಬರ್’ ಅವರ ಕೈಯಲ್ಲಿ ಮರಾಠಿಯ ಪ್ರಮುಖ ಮಾಸಪತ್ರಿಕೆಯಾಗಿ ಬೆಳೆಯಿತು. 1930ರಲ್ಲಿ ‘ಸ್ತ್ರೀ’, 1934ರಲ್ಲಿ ‘ಮನೋಹರ’ ಅದನ್ನು ಹಿಂಬಾಲಿಸಿದವು. ಒಂದು ಪೀಳಿಗೆಯ ಮರಾಠಿ ಮಧ್ಯಮವರ್ಗದ ಓದು ಕಬ್ಬಿಣದ ಕುಲುಮೆಯ ಪಕ್ಕದಲ್ಲಿ ರೂಪುಗೊಂಡದ್ದು ಸಣ್ಣ ವಿಷಯವಲ್ಲ.

ಆದರೆ ಉದ್ಯಮವು ಬೆಳೆದಂತೆ ಈ ಕ್ರಮದ ಮಿತಿಗಳೂ ಕಾಣತೊಡಗಿದವು. 25 ಜನರಲ್ಲಿ ಪ್ರತಿಯೊಬ್ಬನ ಕೈಗುಣವನ್ನು ಯಜಮಾನನೇ ಬಲ್ಲನು. ನೂರುಗಟ್ಟಲೆ ಜನರಾದಾಗ ಅದು ಸಾಧ್ಯವಿಲ್ಲ. ಪಂಪು, ಎಂಜಿನುಗಳ ತಯಾರಿಕೆಗೆ ಮಾಡಿ ನೋಡಿ ಕಲಿಯುವುದಷ್ಟೇ ಸಾಲದು, ಗಣಿತವೂ ಬೇಕು. ಇದನ್ನು ಲಕ್ಷ್ಮಣರಾಯರು ಅರಿತಿದ್ದರು. ಪ್ರಮಾಣಪತ್ರಗಳನ್ನು ಲೆಕ್ಕಿಸದ ಆ ಮನುಷ್ಯ 1922ರಲ್ಲಿ ಮಗ ಶಂತನುರಾಯರನ್ನೂ ಮನೆತನದ ಇನ್ನೊಬ್ಬ ಹುಡುಗ ಮಾಧವರಾಯರನ್ನೂ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ ಕಳಿಸಿದರು. ಮಾಧವರಾಯರು ಕ್ಷಯರೋಗದಿಂದ ಅಲ್ಲಿಯೇ ತೀರಿಕೊಂಡರು. ಶಂತನುರಾಯರು 1926ರಲ್ಲಿ ಪದವಿಯೊಡನೆ ಮರಳಿ ತಂದೆಯ ಕಾರ್ಖಾನೆಯನ್ನು ಸೇರಿದರು. ಅಂದಿನಿಂದ ಸಂಸ್ಥೆಯಲ್ಲಿ ಎರಡು ಬಗೆಯ ಅರಿವುಗಳು ಒಂದೇ ಛಾವಣಿಯಡಿ ಬಾಳಬೇಕಾಯಿತು. ಶಾಲೆ ಬಿಟ್ಟ ಫಳಣೀಕರರಿಗೆ ತೆರೆದಿದ್ದ ಬಾಗಿಲು ಮುಂದಿನ ಪೀಳಿಗೆಯ ಅಂಥ ಹುಡುಗನಿಗೆ ಅಷ್ಟೇ ಅಗಲವಾಗಿ ತೆರೆದಿತ್ತೆ? ಇಲ್ಲವೆಂದೇ ನನ್ನ ಊಹೆ. ಜೊತೆಗೆ, ಎಷ್ಟೇ ಉದಾರವಾಗಿದ್ದರೂ ಒಡೆತನದ ತುತ್ತತುದಿಯು ಮನೆತನದೊಳಗೇ ಉಳಿಯಿತು. ಜಾಂಭೇಕರರಂಥವರ ಶ್ರಮವನ್ನು ಎಣಿಸುವಾಗ ಇದನ್ನು ಹೇಳದಿರಲಾಗದು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಯಂತ್ರಗಳನ್ನೇ ಮಾಡುವ ಯಂತ್ರಗಳ ಆ ಕಾರ್ಖಾನೆಯ ಮೂಲಕ ಮನೆತನವು ಮತ್ತೆ ಕನ್ನಡ ನಾಡಿಗೆ ಮರಳಿದಂತಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ, ಪುಣೆಯಲ್ಲಿ ತೈಲ ಎಂಜಿನುಗಳ ಕಾರ್ಖಾನೆಗಳು ಬಂದವು. ಹರಿಹರದ ಕಾರ್ಖಾನೆಯು ಹಲವು ತಲೆಮಾರುಗಳ ಕೆಲಸಗಾರರನ್ನು ಸಾಕಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿಹೋಯಿತು.

1948ರಲ್ಲಿ, ಗಾಂಧೀಜಿಯವರ ಹತ್ಯೆಯ ಬೆನ್ನಿಗೆ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ವಿರುದ್ಧ ಭುಗಿಲೆದ್ದ ಗಲಭೆಗಳಲ್ಲಿ ಕಿರ್ಲೋಸ್ಕರವಾಡಿಗೂ ಬೆಂಕಿ ಬಿತ್ತು. ಜಾತಿಯ ಗೋಡೆಯನ್ನು ಒಳಗೆ ಕೆಡವಿದ ಊರು ಹೊರಗಿನ ಕಣ್ಣಿಗೆ ಒಂದು ಜಾತಿಯ ಆಸ್ತಿಯಾಗಿಯೇ ಕಂಡಿತ್ತು. ಎಪ್ಪತ್ತೊಂಬತ್ತರ ಅಂಚಿನಲ್ಲಿದ್ದ ಲಕ್ಷ್ಮಣರಾಯರು ಅದನ್ನೂ ಕಾಣಬೇಕಾಯಿತು. ಸುಟ್ಟ ಕಾರ್ಖಾನೆಯು ಮತ್ತೆ ಎದ್ದಿತು. ಅವರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಕುಂಡಲ ರೋಡ್ ಎಂದಿದ್ದ ರೈಲು ನಿಲ್ದಾಣವು ಇಂದು ಕಿರ್ಲೋಸ್ಕರವಾಡಿಯೆಂಬ ಹೆಸರಿನಲ್ಲಿದೆ. ಮಿರಜದಿಂದ ಪುಣೆಯ ಕಡೆಗೆ ಹೋಗುವ ಗಾಡಿಯ ಕಿಟಕಿಯಿಂದ ಆ ಫಲಕವನ್ನು ಓದಬಹುದು.