ಕಂಕನಾಡಿಯ ವಂದನೀಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳು

ಘಟಪ್ರಭಾ, ಹಿರಣ್ಯಕೇಶಿ ನದಿಗಳ ದಡದ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಮಗೆ ಮಂಗಳೂರು ದೂರದ ಊರು. ಘಟ್ಟ ಇಳಿದು ಕಡಲ ತಡಿಯವರೆಗೆ ಹೋಗಬೇಕು. ಆದರೂ ಊರಿಗೊಂದು ಧರ್ಮಾರ್ಥ ದವಾಖಾನೆ ಬೇಕು, ಅದಕ್ಕೆ ಹಣವೆಲ್ಲಿಂದ ತರೋಣ, ದುಡಿಯುವ ಕೈಗಳನ್ನು ಎಲ್ಲಿ ಹುಡುಕೋಣ ಎಂಬ ಮಾತು ಕಥೋಲಿಕರ ನಡುವೆ ಎದ್ದಾಗಲೆಲ್ಲ ನೆನಪಿಗೆ ಬರುವ ಹೆಸರು ಆ ದೂರದ ಊರಿನದೇ. ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರು ಕೇಳದವರು ಕರ್ನಾಟಕದಲ್ಲಿ ವಿರಳ. ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ಬಲ್ಲವರು ಮಾತ್ರ ಅಷ್ಟು ಮಂದಿ ಇಲ್ಲ.

ಅಗಸ್ಟಸ್ ಮುಲ್ಲರ್ ಅವರು ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದಲ್ಲಿ 1841ರ ಮಾರ್ಚ್ 13ರಂದು ಜನಿಸಿದರು. ಯೇಸುಸಭೆಯನ್ನು ಸೇರಿ ಗುರುದೀಕ್ಷೆ ಪಡೆದರು. ವೈದ್ಯ ವೃತ್ತಿ ಅವರದಲ್ಲ. ಆದರೆ ಭಾರತಕ್ಕೆ ಬರುವ ಮೊದಲೇ ಹೋಮಿಯೋಪಥಿಯನ್ನು ಅಭ್ಯಾಸ ಮಾಡಿಕೊಂಡಿದ್ದರು. 1878ರಲ್ಲಿ ಜಗದ್ಗುರು 13ನೆಯ ಲಿಯೋ ಅವರು ಅದುವರೆಗೆ ಕಾರ್ಮೆಲ್ ಸಭೆಯ ಗುರುಗಳು ನೋಡಿಕೊಳ್ಳುತ್ತಿದ್ದ ಮಂಗಳೂರು ಮಿಶನ್ನನ್ನು ಯೇಸುಸಭೆಗೆ ವಹಿಸಿದರು. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಮಂಗಳೂರಿಗೆ ಬಂದಿಳಿದ ಮೊದಲ ತಂಡದಲ್ಲಿ ಮುಲ್ಲರ್ ಅವರೂ ಇದ್ದರು. ಮುಂದೆ ಕೊಂಕಣಿ ಭಾಷೆಗೆ ವ್ಯಾಕರಣ ಬರೆದ ಮಾಫೆಯಿ ಸ್ವಾಮಿಗಳೂ ಅದೇ ತಂಡದವರು.

ಮುಲ್ಲರ್ ಸ್ವಾಮಿಗಳನ್ನು ಕಳುಹಿಸಿದ್ದು ಆಸ್ಪತ್ರೆ ಕಟ್ಟುವುದಕ್ಕಲ್ಲ. 1880ರಲ್ಲಿ ಸಂತ ಅಲೋಷಿಯಸ್ ಕಾಲೇಜು ಪ್ರಾರಂಭವಾಯಿತು. ಅವರಿಗೆ ಒಪ್ಪಿಸಿದ ಕೆಲಸ ಪಾಠ ಹೇಳುವುದಾಗಿತ್ತು. ಜೊತೆಯಲ್ಲಿ ಒಂದು ಔಷಧದ ಪೆಟ್ಟಿಗೆ ಇತ್ತು, ಅಷ್ಟೆ. ಜ್ವರವೆಂದು ಬಂದ ವಿದ್ಯಾರ್ಥಿಗೆ ಒಂದೆರಡು ಗುಳಿಗೆ ಕೊಟ್ಟರು. ಅವನು ಮನೆಯವರಿಗೆ ಹೇಳಿದ, ಮನೆಯವರು ನೆರೆಯವರಿಗೆ ಹೇಳಿದರು. ಹೀಗೆ ಬರುವವರ ಸಂಖ್ಯೆ ಬೆಳೆದು, ಅದೇ 1880ರಲ್ಲಿ, ಆಗ ಪಟ್ಟಣದ ಹೊರಭಾಗವಾಗಿದ್ದ ಕಂಕನಾಡಿಯಲ್ಲಿ ಬಡವರ ಹೋಮಿಯೋಪಥಿ ದವಾಖಾನೆ ಆರಂಭವಾಯಿತು. ಮೊದಲಿಗೆ ಒಂದು ಆಲದ ಮರದ ನೆರಳೇ ಚಿಕಿತ್ಸಾಲಯವಾಗಿತ್ತೆಂದು ಅಲ್ಲಿನವರು ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ.

ಹೋಮಿಯೋಪಥಿಯ ಗುಣದ ಬಗೆಗೆ ವೈದ್ಯಪಂಡಿತರಲ್ಲಿ ಅಂದೂ ಒಮ್ಮತವಿರಲಿಲ್ಲ, ಇಂದೂ ಇಲ್ಲ. ಆ ವಾದಕ್ಕೆ ಇಳಿಯುವುದು ಈ ಲೇಖನದ ಕೆಲಸವಲ್ಲ. ಇಲ್ಲಿ ಗಮನಿಸಬೇಕಾದದ್ದು ಬೇರೆ. ರೋಗಿಯ ಮಾತನ್ನು ಕುಳಿತು ಕೇಳುವವರು, ಕಾಸಿಲ್ಲದವನನ್ನು ಬಾಗಿಲಿನಿಂದ ಹಿಂದಿರುಗಿಸದವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರು? ಕಂಕನಾಡಿಯಲ್ಲಿ ಅಂಥವರೊಬ್ಬರಿದ್ದಾರೆಂಬ ಸುದ್ದಿಯೇ ಜನರನ್ನು ಅಲ್ಲಿಗೆ ಕರೆತಂದಿತು.

ಇನ್ನು ಹಣದ ವಿಷಯ. ಧರ್ಮಕಾರ್ಯಕ್ಕೆ ಕೈಹಾಕಿದ ಎಲ್ಲರೂ ಎಡವುವ ಸ್ಥಳ ಇದು. ಮುಲ್ಲರ್ ಸ್ವಾಮಿಗಳು ಯಾರೋ ಒಬ್ಬ ಧನಿಕನ ದೊಡ್ಡ ದಾನಕ್ಕಾಗಿ ಕಾದು ಕುಳಿತವರಲ್ಲ. ಔಷಧದ ಮೂಲದ್ರವ್ಯಗಳನ್ನು ಹೊರದೇಶದಿಂದ ತರಿಸಿ, ಕಂಕನಾಡಿಯಲ್ಲಿಯೇ ಸಿದ್ಧಪಡಿಸಿ, ಚಿಕ್ಕ ಚಿಕ್ಕ ಶೀಶೆಗಳಲ್ಲಿ ತುಂಬಿ, ಅಂಚೆಯ ಮೂಲಕ ದೇಶದ ನಾನಾ ಕಡೆಗೆ ಮಾರಾಟಕ್ಕೆ ಕಳುಹಿಸಿದರು. ಬಂದ ಲಾಭ ಬಡ ರೋಗಿಗಳ ಗಂಜಿಗೂ ಹಾಸಿಗೆಗೂ ಹೋಯಿತು. ಅಂಚೆಯವನಿಗೆ ಹಣ ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳುವ ವಿ.ಪಿ.ಪಿ. ಪದ್ಧತಿ ಈ ದೇಶದಲ್ಲಿ ಜಾರಿಗೆ ಬಂದದ್ದು 1877ರಲ್ಲಿ, ಸ್ವಾಮಿಗಳು ಬರುವುದಕ್ಕೆ ಒಂದು ವರ್ಷ ಮುಂಚೆ. ಇಂಥ ಮಾರಾಟಕ್ಕೆ ಅದರಿಂದ ಒಳ್ಳೆಯ ಅನುಕೂಲವಾಯಿತು. ಆದರೆ ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ಹಡಗೇ ಗತಿ. ಮಳೆಗಾಲದಲ್ಲಿ ಬಂದರು ಮುಚ್ಚಿದರೆ ಘಟ್ಟದ ದಾರಿಯೇ ಗತಿ. ಔಷಧ ಬೆರೆಸಬೇಕು, ಬಿರಡೆ ಹಾಕಬೇಕು, ಚೀಟಿ ಅಂಟಿಸಬೇಕು, ವಿಳಾಸ ಬರೆಯಬೇಕು, ಲೆಕ್ಕ ಇಡಬೇಕು. ಆಸ್ಪತ್ರೆಯೆಂದರೆ ವೈದ್ಯರೂ ರೋಗಿಗಳೂ ಮಾತ್ರವೆಂದು ತಿಳಿದಿರುವ ನಮಗೆ ಈ ಕಣ್ಣಿಗೆ ಬೀಳದ ದುಡಿಮೆ ಹೊಳೆಯುವುದೇ ಇಲ್ಲ. ಎಲ್ಲಿಯೋ ದೂರದ ಊರಿನಲ್ಲಿ ತನ್ನ ಮಗುವಿನ ಕೆಮ್ಮಿಗೆಂದು ಒಂದು ಶೀಶೆ ತರಿಸಿಕೊಂಡವನು ತಾನರಿಯದೆಯೇ ಕಂಕನಾಡಿಯ ಒಬ್ಬ ಬಡವನ ಊಟಕ್ಕೆ ದಾನಿಯಾಗುತ್ತಿದ್ದನು.

ಸ್ವಾಮಿಗಳ ಬಾಳಿನಲ್ಲಿ ಅತ್ಯಂತ ಕಠಿಣವಾದ ಹೆಜ್ಜೆ 1890ರದು. ಆ ವರ್ಷ ಅವರು ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ತೆರೆದರು. ಹಿಂದಿನ ವರ್ಷವಷ್ಟೇ, 1889ರ ಏಪ್ರಿಲಿನಲ್ಲಿ, ಮೊಲೊಕಾಯಿ ದ್ವೀಪದಲ್ಲಿ ಡೇಮಿಯನ್ ಸ್ವಾಮಿಗಳು ಅದೇ ರೋಗಕ್ಕೆ ಬಲಿಯಾಗಿದ್ದರು. ಲೋಕದ ಕಥೋಲಿಕರೆಲ್ಲರ ಬಾಯಲ್ಲಿ ಆ ಸುದ್ದಿ ಇದ್ದ ಕಾಲವದು. ರೋಗಾಣುವನ್ನು ಹ್ಯಾನ್ಸೆನ್ ಎಂಬ ನಾರ್ವೆಯ ವೈದ್ಯರು 1873ರಲ್ಲಿ ಕಂಡಿದ್ದರೂ, ಗುಣಪಡಿಸಬಲ್ಲ ಸಲ್ಫೋನ್ ಔಷಧಗಳು ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಅಂದರೆ ಕಂಕನಾಡಿಯ ಬಾಗಿಲಿಗೆ ಬಂದವರಿಗೆ ರೋಗ ವಾಸಿಯಾಗುತ್ತದೆಂಬ ಆಸೆ ಇರಲಿಲ್ಲ, ಒಳಗೆ ಕರೆದವರಿಗೂ ಇರಲಿಲ್ಲ. ಮನೆಯವರೇ ಹೊರಗೆ ಹಾಕಿದವರು, ಸಂತೆಯಲ್ಲಿ ಯಾರೂ ಹತ್ತಿರ ಸೇರಿಸದವರು. ಅವರಿಗೆ ಇಲ್ಲಿ ಒಂದು ಚಾಪೆ, ಹೊತ್ತಿಗೆ ಅನ್ನ, ಗಾಯ ತೊಳೆದು ಬಟ್ಟೆ ಸುತ್ತುವ ಕೈ, ಹೆಸರು ಹಿಡಿದು ಕರೆಯುವ ಧ್ವನಿ ದೊರೆತವು. ವಾಸಿಮಾಡಲಾರೆನೆಂದು ತಿಳಿದೂ ಆಸ್ಪತ್ರೆ ಕಟ್ಟುವುದು ಸಾಮಾನ್ಯ ಧೈರ್ಯವಲ್ಲ. ಈ ಲೇಖಕನಿಗೆ ಮುಲ್ಲರ್ ಸ್ವಾಮಿಗಳ ಮೇಲಿನ ಭಕ್ತಿ ಹುಟ್ಟಿದ್ದು ಅವರ ದೊಡ್ಡ ಕಟ್ಟಡಗಳನ್ನು ಕಂಡು ಅಲ್ಲ. ಈ ಒಂದು ಸಂಗತಿಯಿಂದ.

1895ರ ಸುಮಾರಿಗೆ ಸಾಮಾನ್ಯ ರೋಗಿಗಳನ್ನು ಒಳಗಿಟ್ಟುಕೊಂಡು ನೋಡುವ ಆಸ್ಪತ್ರೆಯೂ ಸಿದ್ಧವಾಯಿತು. ಅಷ್ಟರಲ್ಲಿ ಪ್ಲೇಗು ಬಂದಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ ನಮ್ಮ ಬೆಳಗಾವಿ ಜಿಲ್ಲೆಯನ್ನೂ ಬಿಡಲಿಲ್ಲ. ಇಲಿ ಬಿತ್ತೆಂದರೆ ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು ಹೊಲದ ಗುಡಿಸಲುಗಳಿಗೆ ಓಡುತ್ತಿದ್ದ ದಿನಗಳ ಕಥೆಯನ್ನು ಈ ಸೀಮೆಯ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳಿದ್ದಾರೆ. ಊರು ಬಿಟ್ಟು ಹೋಗಲಾರದ ರೋಗಿಯ ಗತಿಯೇನು? ಮುಟ್ಟುವವರಿಲ್ಲ, ನೀರು ಕೊಡುವವರಿಲ್ಲ. ಮಂಗಳೂರಿನಲ್ಲಿ ಅಂಥವರಿಗಾಗಿ ಮುಲ್ಲರ್ ಸ್ವಾಮಿಗಳು 1902ರಲ್ಲಿ ಪ್ಲೇಗಿನ ಆಸ್ಪತ್ರೆಯನ್ನು ಕಟ್ಟಿದರು. ಆಗ ಅವರಿಗೆ ವಯಸ್ಸು ಅರವತ್ತು ದಾಟಿತ್ತು.

1907ರಲ್ಲಿ ಅಂದಿನ ಸರಕಾರ ಅವರಿಗೆ ಕೈಸರ್-ಎ-ಹಿಂದ್ ಪದಕವನ್ನಿತ್ತು ಗೌರವಿಸಿತು. ಪದಕದ ಮಾತು ಇಷ್ಟು ಸಾಕು.

1910ರ ನವೆಂಬರ್ 1ರಂದು, ತಿರುಸಭೆಯು ಸಕಲ ಸಂತರ ಹಬ್ಬವನ್ನು ಆಚರಿಸುವ ದಿನವೇ, ಸ್ವಾಮಿಗಳು ದೈವಾಧೀನರಾದರು. ಮಂಗಳೂರಿಗೆ ಬಂದು ಮೂವತ್ತೆರಡು ವರ್ಷಗಳು ತುಂಬುತ್ತ ಬಂದಿದ್ದವು. ಸ್ಥಾಪಕನೊಡನೆ ಸಂಸ್ಥೆಯೂ ಮುಗಿಯುವುದು ನಾವು ಎಷ್ಟೋ ಕಡೆ ಕಂಡ ಮಾತು. ಇಲ್ಲಿ ಹಾಗಾಗಲಿಲ್ಲ. ಮಂಗಳೂರು ಧರ್ಮಪ್ರಾಂತ್ಯದ ಆಶ್ರಯದಲ್ಲಿ, ಗುರುಗಳೂ ಕನ್ಯಾಸ್ತ್ರೀಯರೂ ಗೃಹಸ್ಥರೂ ಸೇರಿ ಕೆಲಸವನ್ನು ಮುಂದುವರಿಸಿದರು. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಅದೇ ಹೆಸರಿನಲ್ಲಿ ಪ್ರಾರಂಭವಾದವು. ಸ್ವಾಮಿಗಳು ಒಂದು ಪೆಟ್ಟಿಗೆಯಿಂದ ಆರಂಭಿಸಿದ ಔಷಧ ತಯಾರಿಕೆ ಇಂದು ಮಂಗಳೂರಿನ ಹೊರವಲಯದ ದೇರಳಕಟ್ಟೆಯಲ್ಲಿ ನಡೆಯುತ್ತಿದೆ.