ಡೇರೆ ಹೂವಿನ ಡಾಲ್

ಮಳೆ ಹಿಡಿಯುವ ಮೊದಲು ನಮ್ಮ ಅಲೆವೂರಿನ ಮನೆಯಲ್ಲಿ ಅಮ್ಮ ಅಟ್ಟದ ಮೇಲಿನ ಬುಟ್ಟಿಯೊಂದನ್ನು ಕೆಳಗಿಳಿಸುತ್ತಾರೆ. ಅದರೊಳಗೆ ಬೂದಿಯಲ್ಲಿ ಹುದುಗಿಸಿಟ್ಟ ಡೇರೆ ಹೂವಿನ ಗೆಡ್ಡೆಗಳಿರುತ್ತವೆ. ಘಟ್ಟದ ಮೇಲೆ, ತೀರ್ಥಹಳ್ಳಿಯ ಕಡೆಯ ನೆಂಟರ ಮನೆಯಿಂದ ಬಂದ ಗೆಡ್ಡೆಗಳವು. ಮಲೆನಾಡಿನ ಹೆಂಗಸರಿಗೆ ಡೇರೆಯೆಂದರೆ ಪ್ರಾಣ. ಒಂದು ಬಣ್ಣ ಕೊಟ್ಟು ಇನ್ನೊಂದು ಬಣ್ಣ ತರುತ್ತಾರೆ. ಡೇಲಿಯಾ ಎಂಬ ಹೆಸರು ಅವರ ನಾಲಗೆಯಲ್ಲಿ ತಿರುಗಿ ಡೇರೆಯಾಗಿದೆ. ಅದರ ಮೂಲದಲ್ಲಿ ಒಬ್ಬ ಮನುಷ್ಯನಿದ್ದಾನೆಂಬುದು ಕಾಲೇಜಿಗೆ ಬಂದ ಮೇಲೆ ನನಗೆ ತಿಳಿಯಿತು.

ಆಂಡರ್ಸ್ ಡಾಲ್ 1751ರ ಮಾರ್ಚ್ 17ರಂದು ಸ್ವೀಡನ್ ದೇಶದ ವಾರ್ನ್‌ಹೆಮ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಎಳವೆಯಿಂದಲೂ ಗಿಡಬಳ್ಳಿಗಳ ಹುಚ್ಚು. 1770ರಲ್ಲಿ ಉಪ್ಸಾಲ ವಿಶ್ವವಿದ್ಯಾನಿಲಯವನ್ನು ಸೇರಿ, ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಲಿನೇಯಸನ ಶಿಷ್ಯನಾದನು. ಇಂತಹ ಗುರು ದೊರೆತರೂ ಓದು ಪೂರ್ಣವಾಗಲಿಲ್ಲ. ಮನೆಯಲ್ಲಿ ಹಣವಿರಲಿಲ್ಲ. 1776ರಲ್ಲಿ ವೈದ್ಯಶಾಸ್ತ್ರದ ಮೊದಲ ಪರೀಕ್ಷೆಯೊಂದನ್ನು ಮುಗಿಸಿ ಉಪ್ಸಾಲವನ್ನು ಬಿಟ್ಟನು. ಶುಲ್ಕದ ದಿನ ಹತ್ತಿರ ಬಂದಾಗ ನಿದ್ದೆಗೆಟ್ಟವರಿಗೆ ಈ ಒಂದು ವಾಕ್ಯದ ಭಾರ ತಿಳಿಯುತ್ತದೆ.

ಗುರು ಕೈಬಿಡಲಿಲ್ಲ. ಆತನ ಶಿಫಾರಸಿನಿಂದ ಗೋಥೆನ್‌ಬರ್ಗಿನ ಬಳಿ ಆಲ್‌ಸ್ಟ್ರೋಮರ್ ಎಂಬ ಸಿರಿವಂತನಲ್ಲಿ ಡಾಲನಿಗೆ ಕೆಲಸ ದೊರೆಯಿತು. ಪರರ ತೋಟ, ಪರರ ಸಂಗ್ರಹ. ಅವುಗಳ ಪಾಲನೆ ಇವನದು. ಹೀಗೆ ಎಷ್ಟೋ ವರ್ಷ ಸಂದುವು. 1786ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಮರುವರ್ಷ ಓಬೂ ನಗರದಲ್ಲಿ ಅಧ್ಯಾಪಕನಾದನು (ಇಂದು ಅದು ಫಿನ್ಲೆಂಡಿನ ಟುರ್ಕು). ಅಂತೂ ನೆಲೆ ಸಿಕ್ಕಿತೆನ್ನುವಾಗ, 1789ರ ಮೇ 25ರಂದು, 38ರ ಪ್ರಾಯದಲ್ಲಿ ತೀರಿಕೊಂಡನು. ಅವನು ಅಲ್ಲಿಗೆ ಒಯ್ದಿದ್ದ ಒಣಗಿಡಗಳ ಸಂಗ್ರಹವೂ 1827ರ ಮಹಾ ಅಗ್ನಿಯಲ್ಲಿ ಸುಟ್ಟುಹೋಯಿತು.

ಇನ್ನು ಹೂವಿನ ವಿಷಯ. ಡಾಲನು ತೀರಿಕೊಂಡ ಸುಮಾರಿಗೇ ಮೆಕ್ಸಿಕೋದಿಂದ ಸ್ಪೇನಿನ ಮ್ಯಾಡ್ರಿಡ್ ರಾಜೋದ್ಯಾನಕ್ಕೆ ಒಂದು ಹೊಸ ಸಸ್ಯ ಬಂದಿತು. ಅಲ್ಲಿಯ ಪಂಡಿತ ಕವನೀಯೆಸನು 1791ರಲ್ಲಿ ಡಾಲನ ನೆನಪಿಗಾಗಿ ಅದಕ್ಕೆ ಡೇಲಿಯಾ ಎಂದು ಹೆಸರಿಟ್ಟನು. ಆ ಹೆಸರೂ ಸುಲಭವಾಗಿ ನಿಲ್ಲಲಿಲ್ಲ. ಬರ್ಲಿನ್ನಿನ ವಿಲ್ಡೆನೋ, ಆ ಹೆಸರು ಬೇರೊಂದು ಗಿಡಕ್ಕೆ ಮೊದಲೇ ಸಂದಿದೆಯೆಂದು ವಾದಿಸಿ ಜಾರ್ಜಿನಾ ಎಂದು ಕರೆದನು. ರಷ್ಯದಲ್ಲಿ ಇಂದಿಗೂ ಹೂವಿನ ಹೆಸರು ಗಿಯೋರ್ಗಿನ್ ಎಂದೇ. ಯೂರೋಪಿನವರು ಗೆಡ್ಡೆಯನ್ನು ಆಲೂಗಡ್ಡೆಯಂತೆ ತಿನ್ನಲೂ ನೋಡಿದರು, ರುಚಿ ಹಿಡಿಸಲಿಲ್ಲ. ಹೂವು ಗೆದ್ದಿತು.

ನಮ್ಮಲ್ಲಿ ಮಾತ್ರ ಅದು ಸುಲಭಕ್ಕೆ ಗೆಲ್ಲಲಿಲ್ಲ. ಮೊದಲ ವರ್ಷ ತಗ್ಗಿನಲ್ಲಿ ನೆಟ್ಟ ಗೆಡ್ಡೆಗಳೆಲ್ಲ ಆಷಾಢದ ನೀರಿಗೆ ಕೊಳೆತುವು. ಈಗ ಸುಡುಮಣ್ಣು, ಹೊಯಿಗೆ ಸೇರಿಸಿ ಎತ್ತರದ ಏರಿ ಮಾಡುತ್ತೇವೆ. ಗೆಡ್ಡೆಯ ಕೊರಳಿನಲ್ಲಿ ಕಣ್ಣಿದೆಯೇ ಎಂದು ನೋಡಿಯೇ ನೆಡುತ್ತೇವೆ. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರದು.

ಹೀಗೆ ಗೆಡ್ಡೆ ಆರಿಸುತ್ತಿದ್ದಾಗ ಅಮ್ಮನಿಗೆ ಡಾಲನ ಕಥೆಯನ್ನು ಹೇಳಿದೆ. ಸ್ವೀಡನ್ ಎಲ್ಲಿದೆಯೆಂದು ಅವರು ಕೇಳಲಿಲ್ಲ. ಓದು ಬಿಡುವಾಗ ಆ ಹುಡುಗನಿಗೆಷ್ಟು ಪ್ರಾಯವೆಂದು ಕೇಳಿದರು. ಇಪ್ಪತ್ತೈದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಯಲ್ಲಿದ್ದ ಗೆಡ್ಡೆಯ ಬೂದಿಯನ್ನು ಒರೆಸಿ ನನ್ನ ಕೈಗೆ ಕೊಟ್ಟರು.